ಹತ್ತರಿಂದ ಗುಣಿಸಬೇಕಿತ್ತು

ಸೆಪ್ಟೆಂಬರ್ 3, ಮಂಗಳವಾರ. ಬೆಳಿಗ್ಗೆ 7.10

ಲ್ಯಾಬಿಗೆ ಬಂದೊಡನೆ ಕಂಟ್ರೋಲ್ ಹಾಕಿದೆ. ಎರಡೂ ಮಿತಿಯೊಳಗಿವೆ. ಉತ್ತರ ಮೊದಲೇ ಗೊತ್ತಿರುವ ಸೀರಂ ಕೊಟ್ಟು, ಮೆಷಿನ್ ಸುಳ್ಳು ಹೇಳುತ್ತಿಲ್ಲ ಎಂದು ಖಾತ್ರಿ ಮಾಡಿಕೊಂಡ ಮೇಲೇ ದಿನದ ಕೆಲಸ. ನಮ್ಮ ಮನೆಯವರಿಗೂ ಇಂಥದ್ದೊಂದು ಕಂಟ್ರೋಲ್ ಇದ್ದಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು.

ಜ್ವರದ ಸೀಸನ್. ನಿನ್ನೆ ಒಂದೇ ದಿನ ಅರವತ್ತೆರಡು ಡೆಂಗ್ಯೂ ಸ್ಯಾಂಪಲ್. ಜೊತೆಯ ಟೆಕ್ನಿಷಿಯನ್‌ಗೆ ನಾನಿಟ್ಟ ಹೆಸರು ಸೆಂಟ್ರಿಫ್ಯೂಜ್—ರಕ್ತ ಗರಗರ ತಿರುಗಿಸುವ ಆ ಯಂತ್ರದಂತೆ ಒಂದೇ ವಿಷಯವನ್ನು ಸುತ್ತಿ ಸುತ್ತಿ ಹೇಳುತ್ತಾಳೆ. ಬ್ಯಾಗು ಇಡುವ ಮೊದಲೇ ಶುರು. "ನಿಮ್ಮ ವಾರಗಿತ್ತಿಗೂ ಜ್ವರ ಅಂತೆ, ಮೊನ್ನೆಯಿಂದ ಅಂತೆ, ನೀವು ಹೋಗಿ ನೋಡೇ ಇಲ್ವಂತೆ, ಹೌದಾ?"

ಹೌದು. ಅವರ ಮನೆ ಮಹಡಿ ಮೇಲೆ, ನಮ್ಮದು ಕೆಳಗೆ. ಕೆಮ್ಮಿದರೂ ಕೇಳಿಸುತ್ತದೆ. ಮೇಲೆ ಹೋಗಲಿಲ್ಲ. ಆರು ತಿಂಗಳಿಂದ ಮಾತಿಲ್ಲ. ಅಷ್ಟು ಜನ ನೆಂಟರ ಮುಂದೆ ಅಂದಳಲ್ಲ ಚಿಕ್ಕವಳು—"ಅಕ್ಕ ಮೆಷಿನ್ ಜೊತೆ ಇದ್ದೂ ಇದ್ದೂ ಮನುಷ್ಯರ ಹತ್ರ ಮಾತಾಡೋದೇ ಮರ್ತುಬಿಟ್ಟಿದಾರೆ." ಎಲ್ಲರೂ ನಕ್ಕರು. ಇವರೂ ನಕ್ಕರು, ನನ್ನ ಕೈ ಹಿಡಿದ ಮಹಾನುಭಾವರು.

ಅವಳದು ಬ್ಯೂಟಿ ಪಾರ್ಲರ್. ಐಬ್ರೋ ಮಾಡುವುದರಲ್ಲಿ, ಆ ದಾರ ಹಿಡಿಯುವುದರಲ್ಲಿ ಅವಳಂಥ ಕೈ ಇನ್ನೊಂದಿಲ್ಲ, ಅದನ್ನು ಒಪ್ಪಬೇಕು. ಮಾತು ಬಿಟ್ಟ ಮೇಲೆ ನನ್ನ ಹುಬ್ಬು ಪೊದೆಯಂತೆ ಬೆಳೆದಿದೆ. ಬೆಳೆಯಲಿ.


ಸೆಪ್ಟೆಂಬರ್ 5, ಗುರುವಾರ. ಊಟದ ವೇಳೆ

ಚಿಕ್ಕವಳನ್ನು ನಮ್ಮ ನರ್ಸಿಂಗ್ ಹೋಮಿಗೇ ಸೇರಿಸಿದ್ದಾರೆ. ಡೆಂಗ್ಯೂ ಪಾಸಿಟಿವ್. ಪ್ಲೇಟ್‌ಲೆಟ್ ಅರವತ್ತೆಂಟು ಸಾವಿರ. ಗಾಬರಿಯಾಗುವಂಥದ್ದಲ್ಲ.

ಅತ್ತೆ ಲ್ಯಾಬಿನ ಬಾಗಿಲಿಗೇ ಬಂದರು. "ನಿಮ್ಮಿಬ್ಬರ ಜಗಳ ಆಮೇಲೆ ಇಟ್ಕೊಳ್ಳಿ. ಈಗ ನೀನೇ ಹೋಗಿ ರಕ್ತ ತೆಗಿ. ಬೇರೆಯವರು ಚುಚ್ಚಿ ಚುಚ್ಚಿ ಸಾಯಿಸ್ತಾರೆ." ಹೋದೆ. ಅವಳ ನರಗಳು ದಾರದಂತೆ, ಕಣ್ಣಿಗೇ ಬೀಳುವುದಿಲ್ಲ. ಮುಖ ಕೆಂಪಗೆ, ತುಟಿ ಒಣಗಿ... ನನ್ನ ನೋಡಿ ಕಣ್ಣು ಮುಚ್ಚಿಕೊಂಡಳು. ಆಮೇಲೆ ಅಂದಳು, "ಅಕ್ಕ, ಮೆಲ್ಲಗೆ."

ಆರು ತಿಂಗಳಲ್ಲಿ ಮೊದಲ ಮಾತು. ಒಂದೇ ಚುಚ್ಚಿಗೆ ಸಿಕ್ಕಿತು. ನನಗೂ ಖುಷಿಯಾಯಿತು, ಸುಳ್ಳೇಕೆ.


ಸೆಪ್ಟೆಂಬರ್ 7, ಶನಿವಾರ. ಸಂಜೆ 5

ಏಳನೇ ದಿನ. ಉಳಿದವರಿಗೆಲ್ಲ ಇಷ್ಟು ಹೊತ್ತಿಗೆ ಜ್ವರ ಬಿಡುತ್ತದೆ. ಇವಳಿಗೆ ಬಿಟ್ಟಿಲ್ಲ, 103. ಫಿಸಿಷಿಯನ್‌ಗೆ ಅದೇ ಚಿಂತೆ. ಮೈಯೊಳಗಿನ ಉರಿ ಎಷ್ಟೆಂದು ತೋರಿಸುವ ಫೆರಿಟಿನ್ ಟೆಸ್ಟು ಕೇಳಿದ್ದಾರೆ. ಎಷ್ಟಿದ್ದರೆ ಗಾಬರಿ ಅಂದೆ. "ಒಂದೆರಡು ಸಾವಿರದೊಳಗೆ ಇದ್ರೆ ಡೆಂಗ್ಯೂದೇ ಅಂತ ಕಾಯ್ತೀನಿ. ಮೇಲೆ ಮೇಲೆ ಹೋದ್ರೆ ಸುಮ್ನೆ ಕೂರೋ ಹಾಗಿಲ್ಲ."

ಕಾಲು ಸಿರಿಂಜಿಗಿಂತ ಹೆಚ್ಚು ರಕ್ತ ಬರಲಿಲ್ಲ. ಇನ್ನೊಂದು ಸಲ ಚುಚ್ಚಲು ಮನಸ್ಸಾಗಲಿಲ್ಲ, ಕೈಯೆಲ್ಲ ನೀಲಿಗಟ್ಟಿದೆ. ಕೆಳಗೆ ರಿಜಿಸ್ಟ್ರೇಷನ್ನಿನಲ್ಲಿ ಮೂವತ್ತು ಜನ. ಅಲ್ಲಿ ಬಿಲ್ ಆಗಿ, ಬಾರ್‌ಕೋಡ್ ಬಂದು, ಸಾಲಿನಲ್ಲಿ ನಿಂತಿದ್ದರೆ ರಾತ್ರಿಯಾಗುತ್ತಿತ್ತು. ಮನೆಯವಳದ್ದಲ್ಲವೇ, ನಾನೇ ಕೈಯಲ್ಲಿ ಮಾಡಿದೆ. ಸೀರಂ ಎಲ್ಲ ಟೆಸ್ಟಿಗೂ ಸಾಲುವಂತಿರಲಿಲ್ಲ. ಪುಟ್ಟ ಸ್ಯಾಂಪಲ್ ಕಪ್‌ನಲ್ಲಿ ಒಂದು ಪಾಲಿಗೆ ಒಂಬತ್ತು ಪಾಲು ದ್ರಾವಣ ಸೇರಿಸಿ ಹತ್ತು ಮಾಡಿದೆ. ಲಿವರ್ ಟೆಸ್ಟು, ಸಿಆರ್‌ಪಿ ಮೊದಲು ಬಂದವು, ಬರೆದು ಕೊಟ್ಟೆ. ಫೆರಿಟಿನ್ ಬೇರೆ ಮೆಷಿನ್, ಅದು ನಿಧಾನ. ಅಷ್ಟರಲ್ಲಿ ಐಸಿಯುದವರ ಫೋನು, ಸೆಂಟ್ರಿಫ್ಯೂಜ್‌ಳ ಫೋನು, ಅತ್ತೆಯ ಫೋನು, ತಲೆ ಚಿಟ್ಟು ಹಿಡಿಯಿತು.

840. ಫೆರಿಟಿನ್ ಇಷ್ಟೇ ಎಂದು ಡಾಕ್ಟರಿಗೆ ಫೋನಿನಲ್ಲೇ ಹೇಳಿದೆ. "ಅಬ್ಬಾ, ಹಾಗಿದ್ರೆ ಕಾಯೋಣ" ಅಂದರು. ಉರಿಯೂತದ ಇನ್ನೊಂದು ಅಳತೆ ಇಎಸ್‌ಆರ್, ಅದೂ ನಿನ್ನೆಗಿಂತ ಇಳಿದಿದೆ. ಅತ್ತೆಗೆ ಧೈರ್ಯ ಹೇಳಿದೆ, ಮೈದುನನಿಗೂ. ಮೈದುನ ಇಡೀ ದಿನದಲ್ಲಿ ಮೊದಲ ಸಲ ಕೂತು ಟೀ ಕುಡಿದ.

ಚಿಕ್ಕವಳ ಹಣೆ ಮುಟ್ಟಿ ನೋಡಿದೆ. "ಅಕ್ಕ, ನಿಮ್ಮ ಹುಬ್ಬು ನೋಡಕ್ಕಾಗ್ತಿಲ್ಲ" ಅಂದಳು. ಇಬ್ಬರಿಗೂ ನಗು ಬಂತು. ಆರು ತಿಂಗಳ ಗಂಟು ಅಷ್ಟರಲ್ಲಿ ಬಿಚ್ಚಿಹೋಯಿತು.


ಸೆಪ್ಟೆಂಬರ್ 9, ಸೋಮವಾರ. ಬೆಳಿಗ್ಗೆ 10

ನಿನ್ನೆ ಸಂಜೆ ಬಿಪಿ ಬಿದ್ದಿದೆ. ಐಸಿಯು. ನನಗೆ ಭಾನುವಾರ ರಜೆ—ಬಟ್ಟೆ ಒಗೆಯುತ್ತಿದ್ದೆ.

ಈ ಸಲ ಸ್ಯಾಂಪಲ್ ಐಸಿಯುದಿಂದಲೇ, ಬಾರ್‌ಕೋಡಿನ ಸಮೇತ ಬಂತು. ಪ್ಲೇಟ್‌ಲೆಟ್ ಹನ್ನೊಂದು ಸಾವಿರ. ಬಿಳಿ ರಕ್ತಕಣ ಪಾತಾಳಕ್ಕಿಳಿದಿದೆ. ಫೆರಿಟಿನ್ ಅಳತೆ ಮೀರಿತು, ಮೆಷಿನ್ ತಾನೇ ತೆಳು ಮಾಡಿ, ತಾನೇ ಗುಣಿಸಿ, ಇಪ್ಪತ್ತೊಂದು ಸಾವಿರದ ಆರುನೂರು ಎಂದು ತೋರಿಸಿತು.

ಓಡಿಕೊಂಡು ಹೋಗಿ ಡಾಕ್ಟರ ಕೈಗೇ ಕೊಟ್ಟೆ. ಅವರು ಎರಡು ಸಲ ಓದಿದರು. "ಎಂಟುನೂರರಿಂದ ಎರಡೇ ದಿನಕ್ಕೆ ಇಷ್ಟಾ?" ಮೈದುನನನ್ನು ಕೂರಿಸಿಕೊಂಡು ಹೇಳಿದರು. "ನೋಡಪ್ಪಾ, ವೈರಸ್ ಹೆಚ್ಚುಕಡಿಮೆ ಹೋಗಿದೆ. ಕಳ್ಳ ಓಡಿಹೋದ್ಮೇಲೂ ಹಿಡಿಯೋಕೆ ಬಂದ ಜನ ಮನೆಗೆ ಹೋಗ್ತಿಲ್ಲ, ಮನೆಯವರನ್ನೇ ಹೊಡೀತಿದಾರೆ. ಅವಳ ಮೈಯ ರಕ್ಷಣೇನೇ ಅವಳ ರಕ್ತಕಣ ತಿಂತಿದೆ. ಅದನ್ನ ತಣ್ಣಗೆ ಮಾಡೋ ಔಷಧಿ ಈಗಲೇ ಶುರು ಮಾಡ್ತೀನಿ." ಇಎಸ್‌ಆರ್ ಇಳಿದದ್ದೂ ಒಳ್ಳೆಯ ಲಕ್ಷಣವಲ್ಲವಂತೆ. ರಕ್ತ ಹೆಪ್ಪುಗಟ್ಟಿಸುವ ಅಂಶವೇ ಖರ್ಚಾಗಿಹೋದರೆ ಅದು ಹಾಗೆ ಇಳಿಯುತ್ತದಂತೆ. ನಾನು ಅತ್ತೆಗೆ ಧೈರ್ಯ ಹೇಳಿದ್ದು ಅದನ್ನು ನೋಡಿ.

ನನ್ನ ಕಡೆ ತಿರುಗಿ ಅಂದರು, "ನೀವು ಓಡಿ ಬಂದಿದ್ದಕ್ಕೆ ಅರ್ಧ ದಿನ ಉಳೀತು ಅಮ್ಮಾ."


ಅದೇ ದಿನ. ಮಧ್ಯಾಹ್ನ 1.30

ಲ್ಯಾಬಿನ ಟಾಯ್ಲೆಟ್ಟಿನಲ್ಲಿ ಕೂತು ಬರೆಯುತ್ತಿದ್ದೇನೆ. ಸೆಂಟ್ರಿಫ್ಯೂಜ್ ಎರಡು ಸಲ ಬಾಗಿಲು ತಟ್ಟಿ ಹೋದಳು.

ಊಟದ ಡಬ್ಬಿ ತೆರೆದಿದ್ದೆ. ಎರಡನೇ ತುತ್ತು. ಇದ್ದಕ್ಕಿದ್ದಂತೆ ಶನಿವಾರದ ಸ್ಯಾಂಪಲ್ ಕಪ್ ನೆನಪಾಯಿತು. ಒಂದಕ್ಕೆ ಒಂಬತ್ತು. ಲಿವರ್ ಟೆಸ್ಟನ್ನು ಹತ್ತರಿಂದ ಗುಣಿಸಿದೆ. ಸಿಆರ್‌ಪಿಯನ್ನು ಗುಣಿಸಿದೆ. ಫೆರಿಟಿನ್—

ಗುಣಿಸಲಿಲ್ಲ.

ಎಂಟುನೂರ ನಲವತ್ತಲ್ಲ. ಎಂಟು ಸಾವಿರದ ನಾನೂರು. ಶನಿವಾರವೇ ಔಷಧಿ ಶುರುವಾಗಬೇಕಿತ್ತು. ಎರಡು ದಿನ. ಎರಡು ದಿನ ಅವಳ ಮೈ ಒಳಗೊಳಗೇ ಉರಿಯುತ್ತಿತ್ತು, ನಾನು ಬಟ್ಟೆ ಒಗೆಯುತ್ತಿದ್ದೆ.

ಸಾಲಿನಲ್ಲಿ ಹೋಗಿದ್ದರೆ ಮೆಷಿನ್ನೇ ಗುಣಿಸುತ್ತಿತ್ತು. ಯಾರೋ ಹಾದಿಹೋಕರದ್ದಾಗಿದ್ದರೆ ಸಾಲಿನಲ್ಲೇ ಹೋಗುತ್ತಿತ್ತು.


ಸೆಪ್ಟೆಂಬರ್ 10, ಮಂಗಳವಾರ

ವೆಂಟಿಲೇಟರ್. ಬಿಪಿ ಎತ್ತಲು ಎರಡು ಔಷಧಿ ಹರಿಯುತ್ತಿವೆ. ನರ್ಸ್ ಹೇಳಿದಳು, ಬೆರಳ ತುದಿಗಳು ತಣ್ಣಗಿವೆ ಎಂದು.

ಅತ್ತೆ ನನ್ನ ಎರಡೂ ಕೈ ಹಿಡಿದುಕೊಂಡರು. "ನೀನು ಓಡಿಹೋಗಿ ಹೇಳ್ದೆ ಅಂತ ಡಾಕ್ಟರು ಎಷ್ಟು ಹೊಗಳಿದ್ರು ಗೊತ್ತಾ. ನಿನ್ನ ಕೈಗುಣ ಕಣೇ." ನಾನು ಕೈ ಬಿಡಿಸಿಕೊಂಡೆ. ಗ್ಲೌಸಿನ ಪುಡಿ ಇದೆ ಅತ್ತೆ, ತೊಳ್ಕೊಂಡ್ ಬರ್ತೀನಿ ಅಂದೆ.

ತೊಳೆದೆ. ಮತ್ತೆ ತೊಳೆದೆ. ಥೂ, ನನ್ನ ಬಾಳಿಗಿಷ್ಟು.


ಸೆಪ್ಟೆಂಬರ್ 11, ಬುಧವಾರ. ಬೆಳಿಗ್ಗೆ 6.30

ಯಾರೂ ಬರುವ ಮೊದಲೇ ಬಂದೆ. ಶನಿವಾರದ ಸ್ಯಾಂಪಲ್ ಕಪ್ ಫ್ರಿಜ್ಜಿನಲ್ಲೇ ಇತ್ತು. ಒಂದು ಆಸೆ—ಮೆಷಿನ್ನೇ ಅಂದು ಕೆಟ್ಟಿರಲಿ, ಏನಾದರೂ ಬೇರೆ ಬರಲಿ ಎಂದು. ಕಂಟ್ರೋಲ್ ಹಾಕಿ, ಆ ಸೀರಂ ಅನ್ನೇ ಮತ್ತೆ ಹಾಕಿದೆ. 832. ಮೆಷಿನ್ ಅಂದೂ ಸರಿ, ಇಂದೂ ಸರಿ. ಅದಕ್ಕೆ ಕೊಟ್ಟದ್ದು ಹತ್ತರಲ್ಲೊಂದು ಪಾಲು, ಅದು ಹೇಳಿದ್ದೂ ಅಷ್ಟೇ. ಉಳಿದ ಒಂಬತ್ತನ್ನು ಹೇಳಬೇಕಾದವಳು ನಾನು.

ಇದಕ್ಕೆ ದಾಖಲೆಯೇ ಇಲ್ಲ. ಬಿಲ್ ಇಲ್ಲ, ಬಾರ್‌ಕೋಡ್ ಇಲ್ಲ, ರಿಪೋರ್ಟ್ ಇಲ್ಲ. ಡಾಕ್ಟರ ಕೇಸ್ ಶೀಟಿನಲ್ಲಿ ಅವರೇ ಬರೆದುಕೊಂಡ ಒಂದು ಸಾಲು ಅಷ್ಟೆ. ನಾನು ಬಾಯಿ ಬಿಡದಿದ್ದರೆ ಜಗತ್ತಿನಲ್ಲಿ ಯಾರಿಗೂ ಗೊತ್ತಾಗುವುದಿಲ್ಲ. ಈ ಯೋಚನೆ ಬಂದಾಗ ಒಂದು ಕ್ಷಣ ಹಾಯೆನಿಸಿತು. ಎಂಥ ಹೆಂಗಸು ನಾನು.

ಇನ್ನೊಂದು ಬರೆಯಲೇಬೇಕು, ಇಲ್ಲಿ ಬರೆಯದೆ ಎಲ್ಲಿ. ಆರು ತಿಂಗಳ ಸಿಟ್ಟು ಒಳಗೆಲ್ಲೋ ಕೂತು ಕೈ ಮರೆಸಿತೇ? ಇಲ್ಲ. ಇಲ್ಲ ಅಂತಲೇ ಅನ್ನಿಸುತ್ತದೆ. ಶನಿವಾರ ಅವಳ ಮೇಲೆ ನನಗೆ ಪ್ರೀತಿಯೇ ಇತ್ತು. ಆದರೆ ಮನೆಯಲ್ಲಿ ಗೊತ್ತಾದರೆ ಯಾರು ನಂಬುತ್ತಾರೆ? ಅತ್ತೆ? ಮೈದುನ? ನಾನೇ ಅವರಾಗಿದ್ದರೆ ನಂಬುತ್ತಿರಲಿಲ್ಲ.


ಸೆಪ್ಟೆಂಬರ್ 14, ಶನಿವಾರ

ಜ್ವರ ಬಿಟ್ಟಿತು!! ಫೆರಿಟಿನ್ ಆರು ಸಾವಿರಕ್ಕೆ ಇಳಿದಿದೆ. ಪ್ಲೇಟ್‌ಲೆಟ್ ನಲವತ್ತು ಸಾವಿರ. ವೆಂಟಿಲೇಟರ್ ತೆಗೆದರು. ಮೈದುನ ಕಾರಿಡಾರಿನಲ್ಲಿ ಗೋಡೆಗೆ ಮುಖ ಕೊಟ್ಟು ಅತ್ತ. ನಾನೂ ಅತ್ತುಬಿಟ್ಟೆ. ಬದುಕಿದಳು, ಬದುಕಿದಳು, ಬದುಕಿದಳು.

ಬಲಗೈಯ ಎರಡು ಬೆರಳ ತುದಿ ಕಪ್ಪಾಗಿದೆ. ತೋರುಬೆರಳು, ನಡುಬೆರಳು. ಬಿಪಿ ಅಷ್ಟು ಬಿದ್ದು, ಅಷ್ಟು ಔಷಧಿ ಓಡಿದರೆ ಆಗುತ್ತದಂತೆ, ತುದಿಗೆ ರಕ್ತ ಹೋಗುವುದಿಲ್ಲವಂತೆ. ಕಾದು ನೋಡೋಣ ಅಂದರು.


ಸೆಪ್ಟೆಂಬರ್ 26, ಗುರುವಾರ

ಕಾದು ನೋಡಿದ್ದಾಯಿತು. ನಿನ್ನೆ ಸರ್ಜನ್ ತೆಗೆದರು. ಎರಡು ಬೆರಳಿನದೂ ತುದಿಯ ಗೆಣ್ಣು.

ಚಿಕ್ಕವಳು ಬ್ಯಾಂಡೇಜು ನೋಡುತ್ತಾ ಕೂತಿದ್ದಳು. "ದಾರ ಈ ಎರಡರಲ್ಲೇ ಅಲ್ವಾ ಅಕ್ಕ ಹಿಡಿಯೋದು" ಅಂದಳು. ಅಳಲಿಲ್ಲ. ಎಡಗೈಯಲ್ಲಿ ಗಾಳಿಯಲ್ಲೇ ದಾರ ಹಿಡಿದಂತೆ ಮಾಡಿ ನೋಡಿದಳು, ಬರಲಿಲ್ಲ. ಆಮೇಲೆ ನನ್ನನ್ನೇ ಸಮಾಧಾನ ಮಾಡಿದಳು. "ಬಿಡಿ ಅಕ್ಕ, ಜೀವ ಇದೆಯಲ್ಲ. ನೀವಿಲ್ದಿದ್ರೆ ಅದೂ ಇರ್ತಿರ್ಲಿಲ್ಲ."

ಬಂದ ನೆಂಟರಿಗೆಲ್ಲ ಇದನ್ನೇ ಹೇಳುತ್ತಿದ್ದಾಳೆ. ಅಕ್ಕ ಓಡಿದ್ರು, ಅಕ್ಕ ಉಳಿಸಿದ್ರು. ಹೇಳಿದಷ್ಟು ಸಲವೂ ನಾನು ತಲೆ ತಗ್ಗಿಸುತ್ತೇನೆ. ಎಷ್ಟು ವಿನಯ ನೋಡಿ ಅನ್ನುತ್ತಾರೆ.


ಸೆಪ್ಟೆಂಬರ್ 27, ಶುಕ್ರವಾರ

ಲ್ಯಾಬಿನ ಮುಖ್ಯಸ್ಥೆ ಮೇಡಂ ಒಬ್ಬರೇ ಇದ್ದರು. ಮೈಕ್ರೋಸ್ಕೋಪಿನಿಂದ ಕಣ್ಣೆತ್ತಲಿಲ್ಲ. ಹೇಳಿಬಿಟ್ಟೆ. ಮಧ್ಯದಲ್ಲಿ ಎದ್ದು ಹೋಗಿ ಬಾಗಿಲು ಹಾಕಿ ಬಂದರು.

"ಬಿಲ್ ಇಲ್ದೆ ಟೆಸ್ಟ್ ಮಾಡಿದ್ದೀಯಾ?"

"ಹೌದು ಮೇಡಂ."

"ಹಾಗಾದ್ರೆ ಆ ಟೆಸ್ಟ್ ಆಗೇ ಇಲ್ಲ. ಆಗದೇ ಇರೋದ್ರಲ್ಲಿ ತಪ್ಪೆಲ್ಲಿಂದ ಬಂತು? ಹುಡುಗಿ ಹುಷಾರಾಗಿದಾಳೆ. ನಿನಗೂ ಇಪ್ಪತ್ತು ವರ್ಷ ಸರ್ವಿಸ್ ಆಗಿದೆ, ನನಗೂ ರಿಟೈರ್‌ಮೆಂಟ್ ಹತ್ರ ಬಂತು. ಹೋಗಿ ಕೆಲಸ ನೋಡು."

ಹೋದೆ. ಕೆಲಸ ನೋಡಿದೆ. ಈಗ ಪ್ರತಿ ರಿಪೋರ್ಟನ್ನೂ ಮೂರು ಮೂರು ಸಲ ನೋಡುತ್ತೇನೆ. "ನಿಮಗೇನಾಗಿದೆ, ಗ್ಲೂಕೋಸ್ ರಿಪೋರ್ಟು ಕೊಡಕ್ಕೆ ಅರ್ಧ ಗಂಟೆ ತಗೋತೀರಿ" ಅಂತಾಳೆ ಸೆಂಟ್ರಿಫ್ಯೂಜ್. ಅವಳಿಗೆ ಸುಮ್ಮಸುಮ್ಮನೆ ರೇಗಿದೆ. ಪಾಪ.


ಅಕ್ಟೋಬರ್ 3, ಗುರುವಾರ. ಮಧ್ಯಾಹ್ನ

ಫಿಸಿಷಿಯನ್ ಕರೆದರು. ಖುಷಿಯಲ್ಲಿದ್ದರು. ಲ್ಯಾಪ್‌ಟಾಪ್ ತಿರುಗಿಸಿ ತೋರಿಸಿದರು—ಗ್ರಾಫ್. ಮುಂದಿನ ವಾರ ಡಾಕ್ಟರುಗಳ ಸಭೆಯಲ್ಲಿ ಚಿಕ್ಕವಳ ಕೇಸ್ ಹೇಳುತ್ತಾರಂತೆ. ನೆಲಕ್ಕಂಟಿದಂತೆ ಒಂದು ಚುಕ್ಕೆ, 840. ಅಲ್ಲಿಂದ ನೆಟ್ಟಗೆ ಮೇಲೆ ಇನ್ನೊಂದು.

"ಎರಡು ದಿನದಲ್ಲಿ ಇಪ್ಪತ್ತೈದು ಪಟ್ಟು! ನನ್ನ ಸರ್ವಿಸಲ್ಲೇ ನೋಡಿರ್ಲಿಲ್ಲ. ಎಂಟುನೂರಿದ್ರೂ ನಂಬ್ಕೊಂಡು ಕೂರಬಾರದು, ಜ್ವರ ಬಿಡ್ಲಿಲ್ಲ ಅಂದ್ರೆ ಸ್ಟಿರಾಯ್ಡ್ ಶುರು ಮಾಡೋದೇ ಸರಿ ಅಂತ ಹೇಳೋಣ ಅಂತಿದೀನಿ. ಶನಿವಾರದ್ದು ಪ್ರಿಂಟ್ ಸಿಗ್ತಿಲ್ಲ, ತೆಗೆದುಕೊಡ್ತೀರಾ?"

ಅವರ ಮಾತು ಕೇಳಿ ಎಷ್ಟು ಡಾಕ್ಟರುಗಳು, ಬೇಡದ ಎಷ್ಟು ಜನಕ್ಕೆ ಆ ಔಷಧಿ ಬರೆಯುತ್ತಾರೋ. ಬೇಡದವರಿಗೆ ಕೊಟ್ಟರೆ ಅದೇ ಔಷಧಿ ಸೋಂಕು ಹೆಚ್ಚಿಸುತ್ತದೆ ಎಂದು ಇದೇ ಡಾಕ್ಟರು ಎಷ್ಟು ಸಲ ಹೇಳಿಲ್ಲ. ನನ್ನ ಒಂದು ಚುಕ್ಕೆ ಇನ್ನೆಷ್ಟು ಹಾಸಿಗೆಗಳಿಗೆ ಹೋಗಬೇಕು?

"ಪ್ರಿಂಟ್ ಇಲ್ಲ ಸರ್. ಆ ಚುಕ್ಕೆ ಸುಳ್ಳು" ಅಂದೆ.

ಎಲ್ಲ ಹೇಳಿದೆ. ಅವರು ಬಯ್ಯಲಿಲ್ಲ. ಬಯ್ದಿದ್ದರೆ ಚೆನ್ನಾಗಿತ್ತು. ಪೆನ್ನಿನ ಕ್ಯಾಪು ಹಾಕಿ ತೆಗೆದು ಮಾಡಿದರು. "ನಾನೂ ಬರೀ ಫೋನ್ ನಂಬ್ಕೊಂಡೆ. ಜ್ವರ ಹಾಗೇ ಇತ್ತು, ಪ್ಲೇಟ್‌ಲೆಟ್ ಬೀಳ್ತಾ ಇತ್ತು, ಇನ್ನೊಂದ್ಸಲ ಮಾಡಿ ಅನ್ನಬೇಕಿತ್ತು" ಅಂದರು. ಆಮೇಲೆ, "ಇದನ್ನ ಬರೆದು ಕೊಡಿ ಅಮ್ಮಾ. ಮನೆಯವರಿಗೂ ಹೇಳಬೇಕು. ನಾನೇ ಕರೆಸಿ ಹೇಳ್ತೀನಿ."

"ಬೇಡ ಸರ್. ಅವಳಿಗೆ ಮೊದಲು ನಾನು ಹೇಳ್ತೀನಿ."


ಅಕ್ಟೋಬರ್ 4, ಶುಕ್ರವಾರ

ಬರೆದು ಕೊಟ್ಟೆ. ಒಂದೂವರೆ ಪುಟ. ಮೇಡಂ ಮುಖಕ್ಕೆ ಮುಖ ಕೊಟ್ಟು ಮಾತಾಡಲಿಲ್ಲ. ವಿಚಾರಣೆ ಮುಗಿಯುವವರೆಗೂ ಮನೆಯಲ್ಲಿರು ಎಂಬ ಆದೇಶ. ಕೋಟು ಬಿಚ್ಚಿ ಮೊಳೆಗೆ ಹಾಕಿ ಬಂದೆ. ಸೆಂಟ್ರಿಫ್ಯೂಜ್ ಜೀವನದಲ್ಲಿ ಮೊದಲ ಸಲ ಏನೂ ಕೇಳಲಿಲ್ಲ, ಗೇಟಿನವರೆಗೆ ಬಂದಳು.

ಇವರಿಗೆ ಹೇಳಿದೆ. ಟಿವಿ ಆರಿಸಿದರು. "ಡಾಕ್ಟರಿಗೆ ಹೇಳಿದ್ದೇನೋ ಸರಿ. ಮೇಲೆ ಹೇಳೋದು ಬೇಡ. ಮನೆ ಎರಡು ಹೋಳಾಗುತ್ತೆ ಕಣೇ. ಅಮ್ಮ ಈ ವಯಸ್ಸಲ್ಲಿ ಯಾರ ಪರ ನಿಲ್ಲಬೇಕು? ಹೇಳಿದ್ರೆ ಬೆರಳು ವಾಪಸ್ ಬರುತ್ತಾ?"

ಬರುವುದಿಲ್ಲ. ಆದರೆ ಅವಳು ದಿನಾ ನನಗೆ ಥ್ಯಾಂಕ್ಸ್ ಹೇಳುತ್ತಿದ್ದಾಳಲ್ಲ. ಅವಳ ಬೆರಳನ್ನೂ ತೆಗೆದುಕೊಂಡು, ಅವಳ ಥ್ಯಾಂಕ್ಸನ್ನೂ ತೆಗೆದುಕೊಂಡು, ನಾನು ಕೆಳಗಿನ ಮನೆಯಲ್ಲಿ ಹಾಯಾಗಿ ಉಂಡು ಮಲಗಲೇ?


ಅಕ್ಟೋಬರ್ 6, ಭಾನುವಾರ. ಬೆಳಿಗ್ಗೆ 11.20

ಹೇಳಿ ಬಂದೆ.

ಹನ್ನೆರಡು ಮೆಟ್ಟಿಲು ಹತ್ತುವುದಕ್ಕೆ ನಿನ್ನೆ ಇಡೀ ದಿನ ಆಗಲಿಲ್ಲ. ಇವತ್ತು ಅತ್ತೆ ಮತ್ತು ಮೈದುನ ಹೊರಗೆ ಹೋದದ್ದು ನೋಡಿ ಹೋದೆ. ಅವಳು ಕಿಟಕಿಯ ಹತ್ತಿರ ಕೂತು ಎಡಗೈಯಲ್ಲಿ ತಲೆ ಬಾಚಿಕೊಳ್ಳಲು ಒದ್ದಾಡುತ್ತಿದ್ದಳು. ಬಾಚಣಿಗೆ ತೆಗೆದುಕೊಂಡು ಬಾಚಿ ಜಡೆ ಹಾಕಿದೆ. ಬೆನ್ನ ಹಿಂದಿದ್ದೇ ಹೇಳಿದೆ. ಮುಖ ನೋಡಿಕೊಂಡು ಹೇಳುವ ಧೈರ್ಯ ಇರಲಿಲ್ಲ.

ಸ್ಯಾಂಪಲ್ ಕಪ್, ಹತ್ತು ಪಾಲು, ಗುಣಾಕಾರ, ಎರಡು ದಿನ. ಎಲ್ಲ. ಅವಳು ಅಲುಗಾಡಲಿಲ್ಲ. ಜಡೆ ಮುಗಿಯಿತು. ರಬ್ಬರ್ ಬ್ಯಾಂಡ್ ಹಾಕಿದೆ.

"ಶನಿವಾರವೇ ಕೊಟ್ಟಿದ್ರೆ ಬೆರಳು ಉಳೀತಿತ್ತಾ?"

"ಗೊತ್ತಿಲ್ಲ. ಉಳೀತಿತ್ತು ಅಂತಲೇ ನನಗನ್ಸುತ್ತೆ."

"ಸಿಟ್ಟಿತ್ತಾ ನನ್ನ ಮೇಲೆ?"

"ಇತ್ತು. ಆದ್ರೆ ಅವತ್ತು ಇರ್ಲಿಲ್ಲ. ನಂಬೋದು ಬಿಡೋದು ನಿನಗೆ ಬಿಟ್ಟಿದ್ದು."

ತಿರುಗಿ ಕೂತಳು. ನನ್ನನ್ನೇ ನೋಡಿದಳು. ಅತ್ತು ಕೂಗಾಡುತ್ತಾಳೆ, ಹೊಡೆಯುತ್ತಾಳೆ, ಏನೋ ಒಂದಕ್ಕೆ ತಯಾರಾಗಿ ಹೋಗಿದ್ದೆ. ಅವಳು ಮಗ್ಗಿ ಕೇಳುವ ಟೀಚರಿನಂತೆ ನಿಧಾನವಾಗಿ ಕೇಳಿದಳು.

"ಅಕ್ಕ, ಆ ರಕ್ತ ಗುರುತಿಲ್ಲದೇ ಇರೋರು ಯಾರದ್ದೋ ಆಗಿದ್ದಿದ್ರೆ, ನೀವು ಸರಿಯಾಗಿ ನೋಡ್ತಿದ್ರಾ?"

ಸುಳ್ಳು ಹೇಳಬಹುದಿತ್ತು. ನಾಲಿಗೆಯ ತುದಿಯವರೆಗೂ ಬಂದಿತ್ತು.

"ಹೂಂ. ನೋಡ್ತಿದ್ದೆ" ಅಂದೆ.

ಅವಳು ತಲೆಯಾಡಿಸಿದಳು. ಬಾಚಣಿಗೆಗೆ ಎಡಗೈ ಚಾಚಿದಳು, ಕೊಟ್ಟೆ. ಇಳಿದು ಬಂದೆ.

ಅವಳಿಗೆ ಏನು ಅರ್ಥವಾಗಿರುತ್ತದೆ ಎಂದು ಮೆಟ್ಟಿಲ ಮೇಲೆ ಹೊಳೆಯಿತು. ಪರಕೀಯರಿಗಿರುವ ಬೆಲೆ ತನಗಿಲ್ಲ ಅಂತ. ಹಾಗಲ್ಲ ಕಣೇ ಹುಚ್ಚಿ. ಮತ್ತೆ ಹತ್ತಿ ಹೋಗಿ ಹೇಳಬೇಕು. ನಿನ್ನದು ಅಂತಲೇ ಮತ್ತೆ ಚುಚ್ಚಲಿಲ್ಲ, ನಿನ್ನದು ಅಂತಲೇ ಸಾಲು ತಪ್ಪಿಸಿ ತಂದೆ, ನಿನ್ನದು ಅಂತಲೇ ಆ 840 ನೋಡಿ ಖುಷಿಯಾಗಿ, ಇನ್ನೊಂದು ಸಲ ನೋಡದೆ, ನಿನ್ನದು ಅಂತಲೇ—